ಮೌನದ ವಕಾಲತ್ತು

ಮಾತಿಗಿಂತ ಮೌನ ದೊಡ್ಡದು ಎಂಬ ಅಭಿಪ್ರಾಯ ಕನ್ನಡದ ಓದುಗ ಸಮಾಜದಲ್ಲಿ ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂದರೆ, ಅದೊಂದು ಅಭಿಪ್ರಾಯವೆಂಬುದೇ ಈಗ ಯಾರ ನೆನಪಿನಲ್ಲೂ ಉಳಿದಿಲ್ಲ. ಪ್ರಶ್ನಿಸಬೇಕಾಗಿಲ್ಲದ ಸತ್ಯದ ಜಾಗದಲ್ಲಿ ಅದು ಕುಳಿತುಬಿಟ್ಟಿದೆ. ಕಾದಂಬರಿಯ ಪಾತ್ರ ಸುಮ್ಮನಿದ್ದರೆ ವಿಮರ್ಶಕನಿಗೆ ಅಲ್ಲಿ ಆಳ ಕಾಣಿಸುತ್ತದೆ, ಮಠದ ಸ್ವಾಮಿಗಳು ಸುಮ್ಮನಿದ್ದರೆ ಭಕ್ತನಿಗೆ ಜ್ಞಾನ ಕಾಣಿಸುತ್ತದೆ, ಮನೆಯ ಮಗಳು ಸುಮ್ಮನಿದ್ದರೆ ಹಿರಿಯರಿಗೆ ಒಪ್ಪಿಗೆ ಕಾಣಿಸುತ್ತದೆ. ಇವು ಬೇರೆ ಬೇರೆ ಕ್ಷೇತ್ರಗಳ ಸಂಗತಿಗಳೆಂದೂ, ಸಾಹಿತ್ಯದ ಮೌನಕ್ಕೂ ಅಡುಗೆಮನೆಯ ಮೌನಕ್ಕೂ ನಂಟಿಲ್ಲವೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಿಜದಲ್ಲಿ ಇವೆಲ್ಲ ಒಂದೇ ತಪ್ಪಿನ ಬೇರೆ ಬೇರೆ ವೇಷಗಳು: ಮೌನಕ್ಕೆ ತನ್ನೊಳಗೇ ಒಂದು ಅರ್ಥವಿದೆಯೆಂದು ಮೊದಲು ನಂಬುವುದು, ನಂಬಿದ ಮೇಲೆ ಆ ಅರ್ಥ ಇಂಥದೆಂದು ಹೇಳುವ ಅಧಿಕಾರವನ್ನು ಸುಮ್ಮನಿರುವವರಿಂದ ಕಿತ್ತು ನೋಡುವವರ ಕೈಗೆ ಒಪ್ಪಿಸುವುದು.

ಮೌನಕ್ಕೆ ಸ್ವಂತದ ಅರ್ಥವಿಲ್ಲ. ಮಾತಾಡಬೇಕಾಗಿದ್ದವರು ಯಾರು, ಅವರಿಗೆ ಗೊತ್ತಿದ್ದದ್ದು ಏನು, ಮಾತಾಡಿದ್ದರೆ ಅವರು ತೆರಬೇಕಾಗಿದ್ದ ದಂಡ ಎಷ್ಟು ಎಂಬುದು ತಿಳಿಯುವವರೆಗೆ ಒಂದು ಮೌನ ಘನವೋ ಟೊಳ್ಳೋ, ಹೇಡಿತನವೋ ಧೈರ್ಯವೋ ಎಂದು ನಿರ್ಣಯಿಸಲು ದಾರಿಯೇ ಇಲ್ಲ. ಮತ್ತು ಈ ಸಂಗತಿಗಳೆಲ್ಲ ತಿಳಿದುಬರುವುದು ಮಾತಿನಿಂದಲೇ ಹೊರತು ಮೌನದಿಂದಲ್ಲ. ಈ ವಾದವನ್ನು ಒರೆಗೆ ಹಚ್ಚಲು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಷ್ಟು ತಕ್ಕ ಸೀಮೆ ಮತ್ತೊಂದು ಸಿಗುವುದು ಕಷ್ಟ. ಘಟಪ್ರಭೆಯ ಈ ದಂಡೆಯ ಊರುಗಳು ಕನ್ನಡಕ್ಕೆ ಕೊಟ್ಟ ಕಾದಂಬರಿಕಾರರೂ ಆಟದ ಮೇಳದವರೂ ಮಾತನ್ನು ಕೈಬಿಚ್ಚಿ ಬಳಸಿದವರು, ಕೆಲವರು ಅದಕ್ಕಾಗಿಯೇ ವಿಮರ್ಶೆಯಿಂದ ಬೈಸಿಕೊಂಡವರು.

ಕನ್ನಡ ವಿಮರ್ಶೆಯಲ್ಲಿ ಮೌನಕ್ಕೆ ಪಟ್ಟ ಕಟ್ಟಿದ್ದು ತೀರ ಹಳೆಯ ಸಂಗತಿಯೇನಲ್ಲ. 1940ರ ದಶಕದಲ್ಲಿ ಅ.ನ. ಕೃಷ್ಣರಾಯರ ಮುಂದಾಳತ್ವದಲ್ಲಿ ಬೆಳೆದ ಪ್ರಗತಿಶೀಲ ಪಂಥ, ಅಂದರೆ ಸಮಾಜದ ಅನ್ಯಾಯವನ್ನು ನೇರವಾಗಿ ತೋರಿಸಿ ಅದರ ವಿರುದ್ಧ ನಿಲ್ಲುವುದು ಸಾಹಿತ್ಯದ ಕೆಲಸವೆಂದು ನಂಬಿದ ಬರಹಗಾರರ ಗುಂಪು, ತ.ರಾ. ಸುಬ್ಬರಾಯ, ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರ ಕೈಯಲ್ಲಿ ಎತ್ತರದ ದನಿಯನ್ನು ಹಿಂಜರಿಕೆಯಿಲ್ಲದೆ ಬಳಸಿತು. ಅದರ ಬೆನ್ನಿಗೇ ಬಂದ ನವ್ಯ, ವ್ಯಕ್ತಿಯ ಒಳತುಮುಲವನ್ನು ಮಿತವಾದ ಮಾತಿನಲ್ಲಿ, ಪ್ರತಿಮೆಗಳ ಮೂಲಕ, ಸೂಚ್ಯವಾಗಿ ಹಿಡಿಯಬೇಕೆಂದಿತು. ಅಷ್ಟಕ್ಕೆ ನಿಂತಿದ್ದರೆ ತಕರಾರಿರಲಿಲ್ಲ, ಆದರೆ ಅದು ‘ವಾಚ್ಯ’ ಎಂಬ ಅಲಂಕಾರಶಾಸ್ತ್ರದ ಪದವನ್ನೇ ಬೈಗುಳವನ್ನಾಗಿ ಮಾಡಿಟ್ಟಿತು. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಪತ್ರಿಕೆಗಳಲ್ಲಿ ದುಡಿದ ಕಟ್ಟೀಮನಿಯವರು ಈ ಬೈಗುಳಕ್ಕೆ ಸುಲಭದ ಗುರಿಯಾದರು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು, ‘ಮಾಡಿ ಮಡಿದವರು’ 1974ರಲ್ಲಿ ಚಲನಚಿತ್ರವಾಯಿತು, 1980ರಲ್ಲಿ ಬೆಳಗಾವಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಇಷ್ಟಾದರೂ ಗಂಭೀರ ವಿಮರ್ಶೆ ಅವರ ಹೆಸರಿನ ಮುಂದೆ ಅಂಟಿಸಿದ ಪ್ರಚಾರ ಸಾಹಿತ್ಯವೆಂಬ ಚೀಟಿ ಕಿತ್ತುಹೋಗಲಿಲ್ಲ. ‘ಜರತಾರಿ ಜಗದ್ಗುರು’ವಿನಂಥ ಕೃತಿಯಲ್ಲಿ ಮಠಾಧಿಪತ್ಯದ ಬಗ್ಗೆ ಊರವರು ಕದ ಹಾಕಿಕೊಂಡು ಆಡುವ ಮಾತನ್ನು ಅವರು ಅಗಸಿಯ ಮುಂದೆ ನಿಂತು ಆಡಿದರು, ಅದೂ ಮಠಗಳ ಮಾತು ಮೀರಿ ಒಂದು ಮದುವೆಯೂ ಕುದುರದ ಸೀಮೆಯಲ್ಲಿ ಹುಟ್ಟಿ ಬೆಳೆದವರಾಗಿ. ದನಿ ಜೋರಾಯಿತೆಂದು ದೂರಿದವರು ಅದಕ್ಕೆ ಬೇಕಾದ ಎದೆಗಾರಿಕೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಟ್ಟೀಮನಿಯವರಲ್ಲಿ ಭಾಷಣಕ್ಕೆ ಇಳಿಯುವ ಪುಟಗಳಿವೆ, ಪಾತ್ರ ಹಿಂದೆ ಸರಿದು ಲೇಖಕ ಮುಂದೆ ಬರುವ ಸಂದರ್ಭಗಳಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕೆಟ್ಟದಾಗಿ ಆಡಿದ ಮಾತಿಗೆ ಪರಿಹಾರ ಚೆನ್ನಾಗಿ ಆಡುವುದೇ ಆಗಿರುವಾಗ, ಆಡದೇ ಇರುವುದನ್ನೇ ಕಲೆಯ ಆದರ್ಶವೆಂದು ಸಾರಿದ್ದು ಮಾತ್ರ ವಿಮರ್ಶೆಯ ಅವಿವೇಕ.

ಈ ಅವಿವೇಕಕ್ಕೆ ಶಾಸ್ತ್ರದ ಬೆಂಬಲವಿದೆಯೆಂದು ತೋರಿಸಲು ಧ್ವನಿ ಸಿದ್ಧಾಂತವನ್ನು ಎಳೆದುತರುವುದು ವಾಡಿಕೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ, ಪದದ ನೇರ ಅರ್ಥವಾದ ವಾಚ್ಯವನ್ನು ಮೀರಿ ಹೊಳೆಯುವ ವ್ಯಂಗ್ಯಾರ್ಥವೇ, ಅಂದರೆ ಸೂಚಿತವಾಗುವ ಅರ್ಥವೇ, ಕಾವ್ಯದ ಆತ್ಮವೆಂದು ಹೇಳಿದ್ದು ನಿಜ. ಆದರೆ ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ಸೂಚಿತಾರ್ಥ ಬೇಕಾದ ಕವಿ ವಾಚ್ಯಾರ್ಥವನ್ನು ಜೋಪಾನ ಮಾಡಬೇಕೆಂದೂ ಅದೇ ಆನಂದವರ್ಧನ ಹೇಳಿದ್ದಾನೆ, ಅದನ್ನು ಉಲ್ಲೇಖಿಸುವವರು ಕಡಿಮೆ. ಅವನು ಕೊಡುವ ಪ್ರಸಿದ್ಧ ಉದಾಹರಣೆಯೊಂದರಲ್ಲಿ ಹೆಣ್ಣೊಬ್ಬಳು, ತನ್ನ ಸಂಕೇತಸ್ಥಳದ ಕಡೆ ಹೂ ಕೊಯ್ಯಲು ಬರುವ ಧಾರ್ಮಿಕನಿಗೆ, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಅಲ್ಲೇ ವಾಸವಾಗಿರುವ ಸಿಂಹ ಕೊಂದುಹಾಕಿತು, ಇನ್ನು ನಿಶ್ಚಿಂತೆಯಿಂದ ಓಡಾಡು ಎಂದು ಹೇಳಿ, ಅತ್ತ ಸುಳಿಯದಂತೆ ಮಾಡುತ್ತಾಳೆ. ಅಲ್ಲಿ ಧ್ವನಿ ಹುಟ್ಟಿದ್ದು ಅವಳ ಮಾತಿನ ಚಾತುರ್ಯದಿಂದ, ನಾಯಿ, ಸಿಂಹ, ಹೊಳೆಯ ದಂಡೆ ಎಂಬ ವಿವರಗಳಿಂದ. ಅವಳು ಬಾಯಿ ಮುಚ್ಚಿ ನಿಂತಿದ್ದರೆ ಆ ಧಾರ್ಮಿಕ ಮರುದಿನವೂ ಬುಟ್ಟಿ ಹಿಡಿದು ಬರುತ್ತಿದ್ದ.

ಪಶ್ಚಿಮದಿಂದ ತಂದ ಬೆಂಬಲವೂ ಇದೇ ರೀತಿ ಅರ್ಧ ಓದಿದ ಬೆಂಬಲ. ಹೆಮಿಂಗ್ವೇ 1932ರಲ್ಲಿ ಪ್ರಕಟಿಸಿದ, ಗೂಳಿಕಾಳಗವನ್ನು ಕುರಿತ ಪುಸ್ತಕದಲ್ಲಿ, ತನಗೆ ಚೆನ್ನಾಗಿ ಗೊತ್ತಿರುವುದನ್ನು ಲೇಖಕ ಬಿಟ್ಟರೂ ಓದುಗನಿಗೆ ಅದು ತಟ್ಟುತ್ತದೆಂದು ಹೇಳುತ್ತಾನೆ. ಗೊತ್ತಿಲ್ಲದ್ದರಿಂದ ಬಿಟ್ಟರೆ ಬರಹದಲ್ಲಿ ಪೊಳ್ಳು ಉಳಿಯುತ್ತದೆಂಬುದು ಆ ಮಾತಿನ ಉಳಿದರ್ಧ. ಕನ್ನಡದ ನವ್ಯೋತ್ತರ ಕಥೆಗಳಲ್ಲಿ ಕಿಟಕಿಯಾಚೆ ನೋಡುತ್ತ ಕೂರುವ ಎಷ್ಟೋ ನಾಯಕರ ಮೌನ ಈ ಎರಡನೆಯ ಜಾತಿಯದು. ಅಂಥ ನಾಯಕನ ಸಂಬಳ ಎಷ್ಟು, ಅಣ್ಣನೊಡನೆ ಹೊಲದ ಹಿಸ್ಸೆ ಏಕೆ ಮುರಿಯಿತು ಎಂಬುದು ಲೇಖಕನಿಗೇ ಗೊತ್ತಿರುವುದಿಲ್ಲ.

ನವ್ಯದ ಅತ್ಯುತ್ತಮ ಕೃತಿಗಳನ್ನು ಮಾತ್ರ ಹೀಗೆ ತಳ್ಳಿಹಾಕಲಾಗದು. ತಳ್ಳಿಹಾಕಬೇಕಾದುದು ಅವುಗಳನ್ನು ಓದಿದ ರೀತಿಯನ್ನು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಎರಡು ಮೌನಗಳಿವೆ. ಆಚಾರ ಬಿಟ್ಟ ನಾರಣಪ್ಪನ ಹೆಣ ಕೊಳೆಯುತ್ತಿರುವಾಗ, ಅದಕ್ಕೆ ಸಂಸ್ಕಾರ ಮಾಡಬಹುದೇ ಎಂದು ತಿಳಿಯಲು ಇಡೀ ಅಗ್ರಹಾರ ಪಂಡಿತ ಪ್ರಾಣೇಶಾಚಾರ್ಯನ ಮಾತಿಗಾಗಿ ಕಾಯುತ್ತದೆ, ಆತ ಹೇಳುವುದಿಲ್ಲ. ನಾರಣಪ್ಪನ ಜೊತೆಗಿದ್ದ ಚಂದ್ರಿಯೊಡನೆ ನಡೆದುಹೋದದ್ದನ್ನು ಬ್ರಾಹ್ಮಣರಿಗೆ ತಿಳಿಸುವ ಹೊಣೆಯನ್ನೂ ಆತ ಚಂದ್ರಿಯ ಮೇಲೇ ಹೊರಿಸುತ್ತಾನೆ. ಚಂದ್ರಿಯೂ ಹೇಳುವುದಿಲ್ಲ, ಮುಸ್ಲಿಮನೊಬ್ಬನ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಊರು ಬಿಡುತ್ತಾಳೆ. ಒಂದು, ಮಾತಾಡುವುದೇ ಕರ್ತವ್ಯವಾಗಿದ್ದವನ ಮೌನ. ಇನ್ನೊಂದು, ಯಾರೂ ಕೇಳದಿದ್ದವಳು ಮತ್ತೊಬ್ಬನ ಮಾನ ಉಳಿಸಲು ಇಟ್ಟುಕೊಂಡ ಮೌನ. ವಿಮರ್ಶೆ ಅರ್ಧ ಶತಮಾನ ಕಾಲ ಮೊದಲನೆಯದರಲ್ಲಿ ಅಸ್ತಿತ್ವದ ಬಿಕ್ಕಟ್ಟನ್ನು ಕಂಡು ಪುಟಗಟ್ಟಲೆ ಬರೆದು, ಎರಡನೆಯದನ್ನು ಹೆಣ್ಣಿನ ಸಹಜ ಗುಣವೆಂಬಂತೆ ದಾಟಿಹೋಯಿತು. ಕಾದಂಬರಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಯಾರ ಮೌನದ ದಂಡವನ್ನು ಯಾರು ತೆತ್ತರೆಂದು ಸ್ಪಷ್ಟವಾಗಿ ತೋರಿಸಿದೆ. ಆ ಸ್ಪಷ್ಟತೆ ಬಂದದ್ದು ಕಾದಂಬರಿಕಾರನ ಮಾತಿನಿಂದ.

ಇಲ್ಲೊಂದು ವಿಡಂಬನೆಯನ್ನೂ ಗಮನಿಸಬೇಕು. ಗೋಕಾಕದಲ್ಲಿ ಶಿಕ್ಷಕರಾಗಿದ್ದುಕೊಂಡು ಬರೆದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳನ್ನು ಮನೆಮನೆಯ ಹೆಣ್ಣುಮಕ್ಕಳು ಓದಿದರು. ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಚಿತ್ರವಾಗಿ ಥಿಯೇಟರು ತುಂಬಿಸಿತು. ಎಲ್ಲವನ್ನೂ ನುಂಗಿಕೊಂಡು ಕೂಡುಕುಟುಂಬವನ್ನು ಹಿಡಿದಿಡುವ ಹೆಣ್ಣಿನ ತಾಳ್ಮೆಗೆ ದೇವತೆಯ ಪಟ್ಟ ಕೊಡುವ ಈ ಬಗೆಯ ಬರಹವನ್ನು ಗಂಭೀರ ವಿಮರ್ಶೆ ಜನಪ್ರಿಯವೆಂದು ಕರೆದು ಮೂಗು ಮುರಿಯಿತು. ಆದರೆ ಮೌನವಾಗಿ ಸಹಿಸುವುದರಲ್ಲಿ ಹಿರಿಮೆಯಿದೆ ಎಂಬ ಮೂಲ ನಂಬಿಕೆಯಲ್ಲಿ ಮೂಗು ಮುರಿದವರೂ ಮುರಿಸಿಕೊಂಡವರೂ ಒಂದೇ ಪಂಗಡದವರು. ಒಬ್ಬರು ಅದನ್ನು ಸಂಸಾರದ ಧರ್ಮವೆಂದರು, ಇನ್ನೊಬ್ಬರು ಕಲೆಯ ಧರ್ಮವೆಂದರು.

ಇದಕ್ಕೆ ಎದುರಾದ, ಹೆಚ್ಚು ಜಾಣತನದ ದಾರಿಯನ್ನು ಇದೇ ಸೀಮೆ ತೋರಿಸಿಕೊಟ್ಟಿದೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ (1982) ಕಾದಂಬರಿಯಲ್ಲಿ ಸಿಂಗಾರೆವ್ವ ದೇಸಾಯಿಯ ಅರಮನೆಯ ದೊರೆಸಾನಿ, ಅಂದರೆ ಪದ್ಧತಿಯ ಪ್ರಕಾರ ಬಾಯಿ ತೆರೆಯಬಾರದವಳು. ಅವಳ ಗಂಡನ ದೌರ್ಬಲ್ಯ, ಅವಳ ಬಯಕೆ, ಅರಮನೆಯ ಗೋಡೆ ಜರಿದ ಬಗೆ, ಇವು ಯಾವುವೂ ಅವಳ ಮೌನದಿಂದ ತಾನಾಗಿ ಹೊಮ್ಮಿ ಓದುಗನಿಗೆ ತಲುಪುವುದಿಲ್ಲ. ಅವಳ ಜೊತೆಗೇ ಬೆಳೆದು ಅವಳ ಜೊತೆಗೇ ಅರಮನೆಗೆ ಬಂದ ಆಳುಮಗಳು ಶೀನಿಂಗವ್ವ ಹೇಳುವುದರಿಂದ ತಲುಪುತ್ತವೆ. ಆಕೆ ಹೇಳುವ ರೀತಿ ತಿಣುಕಿ ತೂಗಿ ಆಡುವ ರೀತಿಯಲ್ಲ. ನಡುನಡುವೆ ಬೇರೆ ಸುದ್ದಿಗೆ ಹೊರಳುತ್ತ, ತನ್ನ ಸಿಟ್ಟನ್ನೂ ಸೇರಿಸುತ್ತ, ಕೇಳುವವನನ್ನು ಹಿಡಿದು ಕೂರಿಸಿಕೊಳ್ಳುವ ರೀತಿ. ದೊರೆಸಾನಿಯ ಮೌನಕ್ಕೆ ಬೆಲೆ ಬರುವುದೇ ಆಳಿನ ಮಾತಿನಿಂದ. ಶೀನಿಂಗವ್ವನನ್ನು ತೆಗೆದುಹಾಕಿದರೆ ಉಳಿಯುವುದು ಬಿದ್ದ ಗೋಡೆ ಮಾತ್ರ. ಕಂಬಾರರು 1964ರಷ್ಟು ಹಿಂದೆಯೇ, ನವ್ಯ ಕಾವ್ಯ ಮಿತಭಾಷೆಯ ವ್ರತ ಹಿಡಿದಿದ್ದ ಹೊತ್ತಿನಲ್ಲಿ, ತಮ್ಮ ನೀಳ್ಗವಿತೆಗೆ ‘ಹೇಳತೇನ ಕೇಳ’ ಎಂದು ಹೆಸರಿಟ್ಟಿದ್ದರು.

ಕಂಬಾರರಿಗೆ ಈ ತಿಳಿವಳಿಕೆ ಬಂದದ್ದು ಪುಸ್ತಕದಿಂದಲ್ಲ, ಆ ಸೀಮೆಯ ಬಯಲಾಟಗಳಿಂದ. ಇಂದು ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಹೆಸರಾದ ‘ಶ್ರೀಕೃಷ್ಣ ಪಾರಿಜಾತ’ವನ್ನು ಗಮನಿಸಬಹುದು. ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಮುನಿಸೆಂದರೆ ಮಾತು ಬಿಡುವುದು, ಗಂಡಹೆಂಡಿರ ನಡುವಿನ ಮೌನಗಳಲ್ಲೇ ಹಳೆಯದು. ನವ್ಯದ ಕಥೆಗಾರನಾಗಿದ್ದರೆ ಅವಳನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿ ಕಥೆ ಮುಗಿಸುತ್ತಿದ್ದ; ಪಾರಿಜಾತದವರು ಅಲ್ಲಿಂದಲೇ ಆಟ ಕಟ್ಟುತ್ತಾರೆ. ಭಾಗವತ ಅವಳನ್ನು ಮಾತಿಗೆಳೆಯುತ್ತಾನೆ, ದೂತಿ ಆಡುಮಾತಿನಲ್ಲಿ ಕೆಣಕಿ ನಗಿಸುತ್ತಾಳೆ, ಕೊರವಂಜಿ ಬಂದು ಕಣಿ ಹೇಳುತ್ತಾಳೆ, ಸಂಧಾನದ ಮೇಲೆ ಸಂಧಾನ ನಡೆದು ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ಆದ ನೋವೇನು, ಬೇಕಾದುದೇನು ಎಂಬುದು ಹಾಡಿನಲ್ಲೂ ಮಾತಿನಲ್ಲೂ ಊರ ಮುಂದೆ ಬಿಚ್ಚಿಕೊಂಡಿರುತ್ತದೆ. ಮುನಿದವರನ್ನು ಮಾತಾಡಿಸುವುದು ಸುತ್ತಲಿನವರ ಕೆಲಸವೆಂದು, ಮಾತಾಡಿಸದೆ ಬಿಟ್ಟರೆ ತಪ್ಪು ಅವರದೆಂದು ಆ ಆಟ ರಾತ್ರಿಯಿಡೀ ತೋರಿಸುತ್ತದೆ. ಅಕ್ಷರ ಬಾರದ ಪ್ರೇಕ್ಷಕರಿಗೆ ಇದು ತಿಳಿದಿತ್ತು ಎಂಬುದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಿಗೆ ಸ್ವಲ್ಪ ಮುಜುಗರ ತರಬೇಕಾದ ಸಂಗತಿ.

ಆದರೆ ರಾತ್ರಿ ಪಾರಿಜಾತ ನೋಡಿದ ಅದೇ ಊರು ಹಗಲಿನಲ್ಲಿ ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಹೆಣ್ಣು ನೋಡುವ ಶಾಸ್ತ್ರ ಇದಕ್ಕೆ ಅತ್ಯಂತ ಸಮೀಪದ ನಿದರ್ಶನ. ಪಡಸಾಲೆಯಲ್ಲಿ ಜಮಖಾನೆ ಹಾಸಿರುತ್ತದೆ, ಬೀಗರಾಗಬೇಕಾದವರು ಗೋಡೆಗೆ ಆತು ಕುಳಿತಿರುತ್ತಾರೆ, ಅವಲಕ್ಕಿ ಚಹಾ ಆಗುತ್ತದೆ. ಸೆರಗು ಹೊದ್ದ ಹುಡುಗಿ ಬಂದು ಮಣೆಯ ಮೇಲೆ ಕುಳಿತಾಗ ಅವಳನ್ನು ಕೇಳುವ ಪ್ರಶ್ನೆಗಳು ಹೆಸರು, ಓದು, ಅಡುಗೆ, ಇಷ್ಟೇ. ಆಮೇಲೆ ಹಿರಿಯರೊಬ್ಬರು ‘ಹುಡುಗಿ ಏನಂತಾಳ್ರಿ?’ ಎಂದು ಕೇಳುವುದುಂಟು, ಅದಕ್ಕೆ ಅವಳ ಕಾಕಾ ‘ಆಕಿ ಏನಂತಾಳ್ರಿ, ನಾವು ಅಂದಂಗ’ ಎಂದು ಉತ್ತರಿಸುವುದೂ ಉಂಟು. ಈ ಎರಡು ಸಾಲುಗಳ ನಡುವೆ ಹುಡುಗಿ ತಲೆ ತಗ್ಗಿಸಿ ಕುಳಿತಿರುವುದಕ್ಕೆ ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಸಂಸ್ಕೃತದ ಮೊಹರು ಬೀಳುತ್ತದೆ. ಸೋದರಮಾವನಿಗೆ ಕೊಡುವ ಸಂಬಂಧವಾದರೆ ಮೌನ ಇನ್ನೂ ಬಿಗಿ. ಬೇರೆ ಮನೆಯ ಸಂಬಂಧದಲ್ಲಿ ಹುಡುಗಿಯನ್ನು ಅಡುಗೆಮನೆಗೆ ಕರೆದು ‘ನಿನ್ನ ಮನಸ್ಸಿನ್ಯಾಗ ಏನೈತಿ ಹೇಳವ್ವಾ’ ಎಂದು ಕೇಳಬಹುದಾದವಳು ತಾಯಿ. ಇಲ್ಲಿ ತಾಯಿಯೇ ವರನ ಅಕ್ಕ, ಅಜ್ಜಿಯೇ ಅತ್ತೆ. ಕೇಳುವವರೆಲ್ಲ ಎದುರು ಪಕ್ಷದಲ್ಲೇ ಕುಳಿತಿರುವಾಗ ಹುಡುಗಿ ಯಾರಿಗೆ ಹೇಳಬೇಕು? ಆ ಮೌನಕ್ಕೆ ನಾಚಿಕೆ ಎಂದು ಹೆಸರಿಡುವ ಕಥೆಗಾರ ಪಡಸಾಲೆಯ ಹಿರಿಯರಿಗಿಂತ ಹೆಚ್ಚಿನದೇನನ್ನೂ ಕಂಡಿರುವುದಿಲ್ಲ.

ವಿಚಿತ್ರವೆಂದರೆ ಈ ವಿಷಯದಲ್ಲಿ ಸಾಹಿತ್ಯ ವಿಮರ್ಶೆಗಿಂತ ಕಾಯಿದೆಯ ಪುಸ್ತಕಗಳು ಸೂಕ್ಷ್ಮವಾಗಿವೆ. 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ವಿವರಣೆ, ಬರಿಯ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಮಾತಾಡುವ ಹೊಣೆ ಆ ವ್ಯಕ್ತಿಯ ಮೇಲಿದ್ದರೆ, ಇಲ್ಲವೇ ಆ ಸಂದರ್ಭದಲ್ಲಿ ಮೌನವೇ ಮಾತಿಗೆ ಸಮನಾಗಿದ್ದರೆ ಮಾತ್ರ ಎಣಿಸುತ್ತದೆ. ಅಂದರೆ ಮೌನವನ್ನು ತೂಗುವ ಮೊದಲು ಹೊಣೆ ಯಾರದೆಂದು ಕೇಳುತ್ತದೆ. ಅತ್ಯಾಚಾರದ ಕಾನೂನಿಗೆ 2013ರಲ್ಲಿ ಆದ ತಿದ್ದುಪಡಿ, ಸಮ್ಮತಿಯೆಂದರೆ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ವ್ಯಕ್ತಪಡಿಸಿದ ಒಪ್ಪಿಗೆಯೆಂದೂ, ಹೆಣ್ಣು ಮೈಯಿಂದ ಪ್ರತಿರೋಧಿಸಲಿಲ್ಲ ಎಂಬಷ್ಟರಿಂದಲೇ ಅವಳ ಸಮ್ಮತಿಯನ್ನು ಊಹಿಸುವಂತಿಲ್ಲವೆಂದೂ ಸ್ಪಷ್ಟಪಡಿಸಿತು. ನ್ಯಾಯಾಲಯದಲ್ಲಿ ಬಿದ್ದುಹೋದ ಸಂಸ್ಕೃತದ ಗಾದೆ ಪಡಸಾಲೆಯಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿದೆ.

ಆ ಗಾದೆಯ ಅತ್ಯಂತ ಕ್ರೂರ ಬಳಕೆ ನಡೆದದ್ದು ದೇವದಾಸಿ ಪದ್ಧತಿಯಲ್ಲಿ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವಾಗ, ಅಂದರೆ ಮಣಿಸರ ಕಟ್ಟಿ ದೇವಿಗೆ ಬಿಡುವಾಗ, ಹುಡುಗಿ ಏನೂ ಅನ್ನಲಿಲ್ಲ ಎಂಬುದನ್ನು ದೇವಿಯ ಇಚ್ಛೆಯ ಗುರುತೆಂದು ಹೇಳಲಾಗುತ್ತಿತ್ತು. ಏಳೆಂಟು ವರ್ಷದ ಮಗು ಏನೆನ್ನಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಇದನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು, ಆದರೆ ಕಾಯಿದೆಗೆ ಸಾಕ್ಷಿ ಹೇಳುವವರು ಬೇಕಿತ್ತು. ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ರೂಪುಗೊಂಡ, ಮಾಸ್ ಎಂದೇ ಪರಿಚಿತವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಆ ಕೊರತೆ ತುಂಬಿತು. ಅದನ್ನು ನಡೆಸಿದವರು ಮಾಜಿ ದೇವದಾಸಿಯರೇ. ಅದರ ಮುಂದಾಳಾದ ಸೀತವ್ವ ಜೋಡಟ್ಟಿ ಸ್ವತಃ ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವರು; 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಹೆಂಗಸರು ಮಾಡಿದ ಕೆಲಸದ ತಿರುಳು ಸರಳವಾದುದು: ಗುಂಪಾಗಿ ಕೂತು ತಮಗಾದದ್ದನ್ನು ಒಬ್ಬರಿಗೊಬ್ಬರು ಹೇಳಿದರು, ಆಮೇಲೆ ಮುತ್ತು ಕಟ್ಟುವ ಸುದ್ದಿ ಬಂದ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿದರು. ಅವರ ಹಿಂದಿನ ಮೌನದಲ್ಲಿ ಅಡಗಿದ್ದ ಸೌಂದರ್ಯದ ಬಗ್ಗೆ ಬರೆಯಲು ಮನಸ್ಸು ಮಾಡುವವರು ಮೊದಲು ಅವರ ಎದುರು ಕುಳಿತು ಓದಿ ತೋರಿಸುವುದು ಒಳ್ಳೆಯದು.

ಇಷ್ಟಾದ ಮೇಲೆ ಅಧ್ಯಾತ್ಮದ ಆಕ್ಷೇಪ ಬಂದೇ ಬರುತ್ತದೆ. ಮೌನವನ್ನು ಹೀಗೆ ಅಧಿಕಾರದ ಲೆಕ್ಕಕ್ಕೆ ಇಳಿಸಿದರೆ ಶರಣರ ನಿಃಶಬ್ದ, ಅಲ್ಲಮನ ಬಯಲು, ಋಷಿಗಳ ಮೌನ ಎಲ್ಲಿ ಹೋಗಬೇಕು ಎಂದು ಕೇಳಲಾಗುತ್ತದೆ. ಅಲ್ಲಮನನ್ನು ನಡುವಿಟ್ಟು ಕಟ್ಟಿದ ‘ಶೂನ್ಯಸಂಪಾದನೆ’ ಮೊದಲಿಂದ ಕೊನೆಯವರೆಗೆ ಸಂವಾದದ ಗ್ರಂಥ. ಅಲ್ಲಿ ಅಕ್ಕನೂ ಸಿದ್ಧರಾಮನೂ ಮುಕ್ತಾಯಕ್ಕನೂ ಪ್ರಶ್ನೆಗೆ ಒಳಗಾಗುತ್ತಾರೆ, ಮರುಪ್ರಶ್ನೆ ಹಾಕುತ್ತಾರೆ, ಜಗಳಕ್ಕೂ ನಿಲ್ಲುತ್ತಾರೆ. ಸುಮ್ಮನಿದ್ದವರಿಗೆ ಆ ಸಭೆಯಲ್ಲಿ ಪ್ರವೇಶವೇ ಇರಲಿಲ್ಲ. ಆ ಗ್ರಂಥದ ಹೆಸರನ್ನೇ ಹೊತ್ತ ಮಠವೊಂದು ಗೋಕಾಕದಲ್ಲಿದೆ ಎಂಬುದು ಇಲ್ಲಿ ನೆನೆಯತಕ್ಕದ್ದು. ಇನ್ನು ಗಾಂಧೀಜಿ, 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಬಂದವರು, ಸೋಮವಾರಗಳಂದು ಮೌನವ್ರತ ಹಿಡಿಯುತ್ತಿದ್ದರು. ಆ ಮೌನ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆಂದು ಎಲ್ಲರಿಗೂ ಮುಂಚೆಯೇ ತಿಳಿದಿರುತ್ತಿತ್ತು, ಅಗತ್ಯ ಬಿದ್ದರೆ ಅವರು ಚೀಟಿ ಬರೆದು ಕೊಡುತ್ತಿದ್ದರು, ಮರುದಿನ ಅವರ ಮಾತಿಗೆ ದೇಶವೇ ಕಿವಿಗೊಡುತ್ತಿತ್ತು. ಮಂಗಳವಾರ ತನ್ನ ಮಾತನ್ನು ಕೇಳುವವರಿದ್ದಾರೆಂದು ಖಾತ್ರಿಯಿದ್ದವನ ಸೋಮವಾರದ ಮೌನವನ್ನು, ವಾರದ ಏಳು ದಿನವೂ ಕೇಳುವವರಿಲ್ಲದ ಸೊಸೆಗೆ ಆದರ್ಶವೆಂದು ಬೋಧಿಸುವುದು ಮೋಸ. 1942ರಲ್ಲಿ ಭೂಗತರಾದ ಗೆಳೆಯರ ಅಡಗುದಾಣ ಹೇಳದೆ ಪೋಲೀಸರ ಏಟು ತಿಂದವರ ಮೌನಕ್ಕೆ ನಿಸ್ಸಂದೇಹವಾಗಿ ಹಿರಿಮೆಯಿದೆ, ಏಕೆಂದರೆ ಕೇಳಿದ ಪ್ರಶ್ನೆಯೇನು, ಅವರಿಗೆ ಗೊತ್ತಿದ್ದ ಉತ್ತರವೇನು, ತೆತ್ತ ಬೆಲೆಯೇನು ಎಂಬುದೆಲ್ಲ ಬೆಳಕಿನಲ್ಲಿದೆ. ಅದು ಬೆಳಕಿಗೆ ಬಂದದ್ದು ಸೆರೆಯಿಂದ ಹೊರಬಂದವರು ಆಡಿದ, ಬರೆದ ಮಾತಿನಿಂದ.

ಕೊನೆಯದಾಗಿ ಉಳಿಯುವುದು ಇತ್ತೀಚಿನ, ಪ್ರಗತಿಪರ ವೇಷದ ವಕಾಲತ್ತು: ದನಿಯಿಲ್ಲದವರ ಮೌನವೇ ಅವರ ಪ್ರತಿಭಟನೆ ಎಂಬುದು. ಕೇಳಲು ಉದಾರವಾಗಿ ಕಾಣುವ ಈ ವಾದ, ಯಾರಿಗೂ ಯಾವ ಕೆಲಸವನ್ನೂ ಹಚ್ಚುವುದಿಲ್ಲ ಎಂಬುದರಿಂದ ಜನಪ್ರಿಯವಾಗಿದೆ. ಕಬ್ಬು ಬೆಳೆಗಾರ ಕಾರ್ಖಾನೆ ಕೊಟ್ಟ ದರವನ್ನು ತೆಗೆದುಕೊಂಡು ಸುಮ್ಮನೆ ಮನೆಗೆ ಹೋದ ವರ್ಷಗಳಲ್ಲಿ ಅವನು ಸಮಾಧಾನದಿಂದಿದ್ದಾನೆ ಎಂದು ಕಾರ್ಖಾನೆಯವರು ಓದಿದರು, ಒಳಗೊಳಗೇ ಪ್ರತಿಭಟಿಸುತ್ತಿದ್ದಾನೆ ಎಂದು ಪಂಡಿತರು ಓದಬಹುದಿತ್ತು. ಎರಡು ಓದಿನಲ್ಲೂ ದರ ಹೆಚ್ಚುತ್ತಿರಲಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹೆದ್ದಾರಿಯ ಮೇಲೆ ಕೂತು ಟನ್ನಿಗೆ 3,500 ರೂಪಾಯಿ ಬೇಕೆಂದು ದಿನಗಟ್ಟಲೆ ಕೂಗಿದ ಮೇಲೆ ಸರ್ಕಾರ 3,300 ರೂಪಾಯಿಗೆ ಬಂದು ನಿಂತಿತು. ತೂಕದಲ್ಲಿ ಆಗುವ ಕಡಿತ, ಇಳುವರಿಯ ಲೆಕ್ಕ, ಬಾಕಿ ಬಿಲ್ಲು, ಇವೆಲ್ಲ ಸಾರ್ವಜನಿಕ ಮಾತಾದದ್ದು ಆ ರಸ್ತೆಯ ಮೇಲೆ.

ಇಷ್ಟಾಗಿಯೂ ಬರಹಗಾರರಿಗೆ ಬಾಯಿಲ್ಲದ ವಸ್ತುಗಳ ಮೇಲಿನ ಮೋಹ ಕಡಿಮೆಯಾಗಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ಅಡಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ, ಆಗ ಜನ ನೋಡಲು ಹೋಗುತ್ತಾರೆ, ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ‘ಮೂಕಸಾಕ್ಷಿ’ ಎಂಬ ಸವೆದ ಪದ ಹಾಜರಾಗುತ್ತದೆ. ಗುಡಿ ಮೂಕವಾಗಿರುವುದು ಕಲ್ಲಾಗಿರುವುದರಿಂದ, ಅದರಲ್ಲಿ ಗೂಢವೇನಿಲ್ಲ. ನೀರಿನಡಿ ಹೋದ ಹೊಲದ ಉತಾರವನ್ನು, ಅಂದರೆ ಜಮೀನಿನ ದಾಖಲೆಯನ್ನು, ಇನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡ ಮನೆತನಗಳು, ಎಷ್ಟು ಎಕರೆಗೆ ಎಷ್ಟು ಪರಿಹಾರ ಬಂತು, ಅಣ್ಣತಮ್ಮಂದಿರಲ್ಲಿ ಅದು ಹೇಗೆ ಹಂಚಿಹೋಯಿತು, ಹೊಸ ಊರಿನಲ್ಲಿ ಯಾವ ಓಣಿಯನ್ನು ಎಲ್ಲಿ ಹಾಕಿದರು, ಹೆಣ್ಣುಮಕ್ಕಳ ಹೆಸರು ಯಾವ ಕಾಗದದಲ್ಲೂ ಏಕೆ ಬರಲಿಲ್ಲ ಎಂಬುದನ್ನು ಕೇಳಿದರೆ ಹೇಳಬಲ್ಲವು. ಅವನ್ನೆಲ್ಲ ಕೇಳಿಕೊಂಡು, ಹೆಸರು ಹಿಡಿದು, ಎಕರೆ ಗುಂಟೆ ಸಮೇತ ಬರೆದ ಕಾದಂಬರಿಯೊಂದು ನಾಳೆ ಬಂದರೆ, ಅದನ್ನು ವಾಚ್ಯವಾಯಿತೆಂದು ಬದಿಗೆ ಸರಿಸಿ ನೀರಿನ ನಡುವಿನ ಗುಡಿಯ ಬಗೆಗಿನ ಹನ್ನೆರಡು ಸಾಲಿನ ಪದ್ಯವನ್ನು ಪಠ್ಯಕ್ಕೆ ಆರಿಸುವ ಸಮಿತಿ ಈಗಲೂ ಇದೆ.